ಮೂಲೆಯ ಬಾತುಕೋಳಿ

ನನಗೆ ಫೋನಿನಲ್ಲಿ ಬರೆಯಲು ಕಲಿಸಿದವಳು ಮೊಮ್ಮಗಳು, ಹೋದ ಬೇಸಿಗೆ ರಜೆಯಲ್ಲಿ. ನನ್ನ ಬೆರಳು ದಪ್ಪ, ಅಕ್ಷರ ಸಣ್ಣ. "ಆಯಿ, ರೊಟ್ಟಿ ಬಡದಂಗ ಬಡೀಬ್ಯಾಡ, ಹಗೂರ ಮುಟ್ಟು" ಎಂದು ಬೈಯುತ್ತಿದ್ದಳು. ಕಲಿಯುವ ಹಟ ನನ್ನದೇ. ಮಗನಿಗೆ ಕಣ್ಣಿಲ್ಲ, ಬಂದ ಬರಹವನ್ನು ಅವನ ಫೋನು ಓದಿ ಹೇಳುತ್ತದೆ. ಅವನು ಕಾಗವಾಡದ ಕಚೇರಿಯಲ್ಲಿರುವಾಗ ನಾನು ಉಗಾರದ ಮನೆಯಿಂದ "ಬದನೆಕಾಯಿ ಮಾಡಿದ್ದೇನೆ, ದಾರಿಯಲ್ಲಿ ಭಜಿ ತಿನ್ನಬೇಡ" ಎಂದು ಬರೆದರೆ, ಫೋನಿನೊಳಗಿನ ಹೆಂಗಸು ಅದನ್ನು ವಾರ್ತೆ ಓದಿದಂತೆ ಓದುತ್ತಾಳಂತೆ. ನಮ್ಮ ಕಡೆಯ ಮಾತು ಬರೆದರೆ ಮಾತ್ರ ಆಕೆಗೆ ನಾಲಗೆ ಹೊರಳುವುದಿಲ್ಲ. ಹಾಗಾಗಿ ಪುಸ್ತಕದ ಕನ್ನಡದಲ್ಲೇ ಬರೆಯುವುದು ರೂಢಿಯಾಯಿತು.

ಮಗ ಸಣ್ಣವನಿದ್ದಾಗ ನಮ್ಮ ಮನೆಗೆ ಕಂಪ್ಯೂಟರು ಬಂತು. ನನ್ನ ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾದ ಮೇಲೆ ಇದ್ದರು. ಅಲ್ಲಿ ಕಂಪ್ಯೂಟರು ಇಟ್ಟ ವರ್ಷ, "ಇನ್ನ ಇದನ್ನ ಅರೀದವರು ಎತ್ತಿನ ಜೋಡಿ ಹೊರಗ ನಿಂದರಬೇಕು" ಎಂದು, ಮಕ್ಕಳಿಗೆಂದು ಸಾಂಗಲಿಯಿಂದ ಹಳೆಯದೊಂದನ್ನು ತಂದರು. ಅದರ ಜೊತೆ ಬಂದ ಸಿ.ಡಿ.ಯಲ್ಲಿ ಒಂದು ಆಟವಿತ್ತು. ಹೆಸರು ಇಂಗ್ಲಿಷಿನಲ್ಲಿ ಏನೋ ಇತ್ತು. ನಾವು ಬಾತುಕೋಳಿ ಆಟ ಎಂದೆವು.

ಪರದೆಯ ತುಂಬ ಒಂದು ಕೊಳ. ನಡುವೆ ತಾಯಿ ಬಾತು. ನಾಲ್ಕೂ ಮೂಲೆಯಲ್ಲಿ ಜೊಂಡು. ಜೊಂಡಿನಿಂದ ಒಂದೊಂದು ಮರಿ ತಲೆ ಹೊರಗೆ ಹಾಕಿ, ಒಮ್ಮೆ ಕೂಗಿ, ಒಳಗೆ ಸರಿಯುತ್ತದೆ. ಅಷ್ಟರಲ್ಲಿ ಅದನ್ನು ಒತ್ತಿದರೆ ಈಜಿ ಬಂದು ತಾಯಿಯ ಹಿಂದೆ ಸಾಲು ಹಿಡಿಯುತ್ತದೆ. ಕೊಳಕ್ಕೆ ಸಂಜೆಯಾದಾಗ ತಾಯಿ ಸಿಕ್ಕಷ್ಟು ಮರಿಗಳನ್ನು ಕರೆದುಕೊಂಡು ಗೂಡಿಗೆ ಹೋಗುತ್ತದೆ. ನರಿಯಿಲ್ಲ, ಬಂದೂಕಿಲ್ಲ, ಯಾರೂ ಸಾಯುವುದಿಲ್ಲ. ಬಿಟ್ಟುಹೋದ ಮರಿ ಮರುದಿನ ಅದೇ ಮೂಲೆಯಲ್ಲಿ ಮತ್ತೆ ಕೂಗುತ್ತದೆ. ಒಂದೊಂದು ಮೂಲೆಯ ಮರಿಗೆ ಒಂದೊಂದು ದನಿ. ಕೆಳಗಿನ ಎಡಮೂಲೆಯದು ಮೂಗು ಕಟ್ಟಿದಂತೆ ಕೂಗುತ್ತಿತ್ತು, ಅದು ನನ್ನ ಮುದ್ದಿನದು.

ಮನೆಮಂದಿಯೆಲ್ಲ ಆಡಲಿ ಎಂದು ಮಾಡಿದ ಆಟ, ಮನೆಮಂದಿಯೆಲ್ಲ ಆಡಿದೆವು. ಗಂಡ ಪಾಳಿಗೆ, ಮಕ್ಕಳು ಶಾಲೆಗೆ ಹೋದರೆ ನಾನೊಬ್ಬಳೇ ಬಾಗಿಲು ಮುಂದೆ ಮಾಡಿ ಕೂಡುತ್ತಿದ್ದೆ. ಹಾಲು ಉಕ್ಕಿಹೋದರೆ ಬೆಕ್ಕು ಕುಡಿಯಿತು ಎನ್ನುತ್ತಿದ್ದೆ. ನಮ್ಮ ಮನೆಯಲ್ಲಿ ಬೆಕ್ಕೇ ಇರಲಿಲ್ಲ. ಗಂಡ ಕೇಳಲಿಲ್ಲ, ಅವರಿಗೂ ಪಾಳಿಯಿಂದ ಬಂದ ಕೂಡಲೆ ಆ ಕುರ್ಚಿಯೇ ಬೇಕಾಗಿತ್ತು.

ಎಲ್ಲರಿಗಿಂತ ಚಲೋ ಆಡುವವಳು ಮಗಳು. ಮಗ ಸೋಲುತ್ತಿದ್ದ. ಅವಳಿಗಿಂತ ಸ್ವಲ್ಪ ಸಣ್ಣವನು, ಕೈ ಚುರುಕು, ಆದರೂ ಅವನ ತಾಯಿ ಬಾತು ಯಾವಾಗಲೂ ಬರಿಗೈಯಲ್ಲಿ ಗೂಡಿಗೆ ಹೋಗುತ್ತಿತ್ತು. ಗಾಜಿಗೆ ಮೂಗು ಹಚ್ಚಿ ಕೂತು, ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಕತ್ತು ಕೊಂಕಿಸುತ್ತಿದ್ದ.

"ಏ ಹುಂಜಾ, ಕಾಳ ಹುಡುಕಾಕತ್ತಿ ಏನ್ಲೇ?" ಎಂದು ಅಕ್ಕ ಕಾಡುತ್ತಿದ್ದಳು.

"ಲಕ್ಷ್ಯ ಎಲ್ಲೈತಿ ನಿಂದು? ಮೂಲ್ಯಾಗ ಕೂಗಾಕತ್ತೈತಿ ನೋಡು," ಎನ್ನುತ್ತಿದ್ದರು ಅವನ ಅಪ್ಪ.

"ಅಲ್ಲೇನೂ ಬಂದೇ ಇಲ್ಲ," ಎಂದು ಮಗ ಅಳುತ್ತಿದ್ದ. "ಬರೇ ಸಪ್ಪಳ ಬರತೈತಿ. ಮರಿ ಬರಂಗಿಲ್ಲ."

ಹೊತ್ತು ಮುಳುಗಿದ ಮೇಲೆ ಅವನು ಹೊರಸಿಗೆ ಎಡವುತ್ತಿದ್ದ, ಕೊಡಕ್ಕೆ ಎಡವುತ್ತಿದ್ದ. ಇರುಳುಗಣ್ಣು ಎಂದು ನುಗ್ಗೆ ಸೊಪ್ಪು ತಿನ್ನಿಸಿದೆವು, ಗಜ್ಜರಿ ತಿನ್ನಿಸಿದೆವು. ಮಂಗಸೂಳಿಯ ಮಲ್ಲಯ್ಯನಿಗೆ ಬೆಳ್ಳಿಯ ಕಣ್ಣು ಒಪ್ಪಿಸಿ ಅವನ ಹಣೆಗೆ ಭಂಡಾರ ಹಚ್ಚಿಕೊಂಡು ಬಂದೆವು. ಆ ಹಳದಿ ಪುಡಿಯನ್ನು ಆ ಸಲದ ಖಂಡೇನವಮಿಗೆ ಕಂಪ್ಯೂಟರಿಗೂ ಹಾಕಿದೆ. ಹಬ್ಬದ ದಿನ ಕುಡಗೋಲು, ಹೊಲಿಗೆ ಮಷಿನು, ಸೈಕಲ್ಲು ಎಲ್ಲಕ್ಕೂ ಪೂಜೆಯಾದ ಮೇಲೆ ಇದಕ್ಕೆ ಯಾಕೆ ಕಡಿಮೆ ಎಂದು, ಮೇಲಿನ ಜಾಲರಿಯೊಳಗೆ ಮುಷ್ಟಿ ತುಂಬಿ ಹಾರಿಸಿದೆ. ಮರುದಿನ ಗುಂಡಿ ಒತ್ತಿದಾಗ ಒಳಗಿನ ಫ್ಯಾನು ಹಳದಿ ಹೊಗೆ ಉಗುಳಿ ನಿಂತಿತು. ಆಟ ಅಲ್ಲಿಗೆ ಮುಗಿಯಿತು. ಮಗ ಅತ್ತ. ಮಗಳೂ ಅತ್ತಳು. ನಾನು ಅಡಿಗೆ ಮನೆಗೆ ಹೋಗಿ ಅತ್ತೆ, ಏಕೆಂದರೆ ಹಾಕಿದವಳು ನಾನು, ಎದುರಿಗೆ ಅಳುವಂತಿರಲಿಲ್ಲ.

ಮಗನ ಕಣ್ಣಿನ ರೋಗಕ್ಕೆ ಹೆಸರು ಸಿಕ್ಕದ್ದು ಬಹಳ ತಡವಾಗಿ. ಕಾಲೇಜಿಗೆ ಹೋಗುವಾಗ ಒಂದು ಸಂಜೆ, ರಸ್ತೆಯ ಬದಿಗೆ ನಿಂತ ಕಬ್ಬಿನ ಗಾಡಿಗೆ ಸೈಕಲ್ಲು ಗುದ್ದಿ ಬಿದ್ದ. ಗಾಡಿ ಆನೆಯಷ್ಟಿತ್ತು. ಕಾಣಲಿಲ್ಲ ಎಂದ. ಮೀರಜಿಗೆ ಕರೆದೊಯ್ದೆವು. ಡಾಕ್ಟರು ಕಣ್ಣೊಳಗೆ ಬೆಳಕು ಬಿಟ್ಟು ನೋಡಿ, ಮರಾಠಿಯಲ್ಲಿ, "ನಾತ್ಯಾತಲಂ ಲಗ್ನ ಆಹೇ ಕಾ?" ಎಂದು ಕೇಳಿದರು. ಬಳಗದೊಳಗಿನ ಮದುವೆಯೋ ಎಂದು.

"ಹೌದ್ರಿ," ಎಂದೆ ನಾನು, ಶಾಲೆಯಲ್ಲಿ ಉತ್ತರ ಬಂದ ಹುಡುಗಿಯ ಹಾಗೆ. "ನನ್ನ ತಾಯಿಯ ಸ್ವಂತ ತಮ್ಮಗ ಕೊಟ್ಟಾರ. ಹೊರಗ ಹೋಗಿಲ್ಲರಿ ನಾವು."

ನಮ್ಮಲ್ಲಿ ಅದೇ ಮರ್ಯಾದೆ. ಹೊರಗಿನ ಮನೆಗೆ ಕೊಟ್ಟರೆ ಹುಡುಗಿ ಉಪವಾಸ ಮಲಗಿದರೂ ತಿಳಿಯುವುದಿಲ್ಲ, ಬಳಗದಲ್ಲಿ ಕೊಟ್ಟರೆ ಅತ್ತೆಗೂ ಒಂದಿಷ್ಟು ಕರುಳಿರುತ್ತದೆ. ಮಗಳನ್ನೂ ಹಾಗೆಯೇ, ಅಥಣಿ ಕಡೆಯ ನನ್ನ ತವರಿಗೇ, ನನ್ನ ಅಣ್ಣನ ಮಗನಿಗೇ ಕೊಟ್ಟಾಗಿತ್ತು. ಡಾಕ್ಟರು ಅದನ್ನು ಕೇಳಿ ಪೆನ್ನು ಕೆಳಗಿಟ್ಟರು. ಈ ರೋಗ ಎರಡೂ ಕಡೆಯ ರಕ್ತದಲ್ಲಿ ಅಡಗಿ ಕೂತಿರುತ್ತದೆ, ಒಂದೇ ಮನೆತನ ಮತ್ತೆ ಮತ್ತೆ ಕೂಡಿದರೆ ಹೊರಬೀಳುತ್ತದೆ ಎಂದು ತಿಳಿಸಿ ಹೇಳಿದರು. ನೋಟ ಅಂಚಿನಿಂದ ಒಳಗೆ ಸುಟ್ಟುಕೊಂಡು ಬರುತ್ತದೆ, ಮೊದಲು ಮೂಲೆಗಳು, ಆಮೇಲೆ ನಡುವೆ. ಔಷಧವಿಲ್ಲ. ಮಗಳಿಗೆ ಮಕ್ಕಳಾದರೆ ತೋರಿಸುತ್ತಿರಿ ಎಂದರು.

ಮೊಮ್ಮಗಳು ಹುಟ್ಟಿದಾಗ ತೋರಿಸಿದೆವು. ಈಗೇನೂ ಹೇಳಲಾಗದು, ಶಾಲೆಗೆ ಹೋಗುವಷ್ಟು ದೊಡ್ಡವಳಾದ ಮೇಲೆ ಕರೆತನ್ನಿ ಎಂದರು. ದೊಡ್ಡವಳಾದಳು. ಕರೆದೊಯ್ಯಲಿಲ್ಲ. ಮಗಳ ಮಾತು ಒಂದೇ: "ನೋಡಿದ್ರ ಬರೂದು ನಿಂದರತೈತೇನವ್ವಾ? ಓಡತಾಳ, ಜಿಗಿತಾಳ, ಸುಮ್ನ ಬಿಡ್ರಿ." ಅಷ್ಟರಲ್ಲಿ ಗಂಡ ತೀರಿಕೊಂಡರು, ಮಗನ ನೋಟ ಬಳೆಯಷ್ಟಾಗಿ, ಗುಂಡಿಯಷ್ಟಾಗಿ, ಈಗ ಬೆಳಕು ಬಂತು ಹೋಯಿತು ಎನ್ನುವಷ್ಟೇ ಉಳಿದಿದೆ.

ಹೋದ ಬೇಸಿಗೆಯಲ್ಲಿ ಮೊಮ್ಮಗಳು ಅಪ್ಪನ ಲ್ಯಾಪ್‌ಟಾಪು ಹೊತ್ತು ರಜೆಗೆ ಬಂದಳು. ಒಂದು ಮಧ್ಯಾಹ್ನ ಮಾಮನನ್ನು, "ನೀ ಸಣ್ಣಾಂವ ಇದ್ದಾಗ ಯಾವ ಗೇಮ್ ಆಡತಿದ್ದಿ?" ಎಂದು ಕೇಳಿದಳು. ಅವನು ಕೊಳ, ಜೊಂಡು, ಮರಿ ಎಲ್ಲ ಹೇಳಿದ. ಹುಡುಕುತ್ತ ಹುಡುಕುತ್ತ, ಹಳೆಯ ಆಟಗಳನ್ನು ಕೂಡಿಟ್ಟ ಯಾರೋ ಪುಣ್ಯಾತ್ಮರ ಜಾಗದಲ್ಲಿ ಅವಳಿಗೆ ಅದು ಸಿಕ್ಕಿಬಿಟ್ಟಿತು. ವಯರು ಚುಚ್ಚಿ ದೊಡ್ಡ ಟಿ.ವಿ.ಯಲ್ಲಿ ಬರುವಂತೆ ಮಾಡಿದಳು.

ಮೊದಲಿನ ಸಂಗೀತ ಕೇಳಿದ್ದೇ ಮಗ ಎದ್ದು ನಿಂತ. ನಾನು ಕೈಯಲ್ಲಿನ ಮೊರ ಬಿಟ್ಟು ಬಂದೆ. ಕೊಳ ನಾನು ನೆನೆದಷ್ಟು ಚಂದ ಇರಲಿಲ್ಲ. ನೀರು ಸುಣ್ಣದ ನೀಲಿ, ತಾಯಿ ಬಾತು ತಂಬಿಗೆಗೆ ಕೊಕ್ಕು ಅಂಟಿಸಿದಂತಿತ್ತು. ಇದಕ್ಕಾಗಿಯೇ ಹಾಲು ಉಕ್ಕಿಸಿದೆನೆ ಎಂದುಕೊಂಡೆ. ಆದರೂ ಮೊದಲ ಸರದಿ ನಾನೇ ಕಸಿದುಕೊಂಡೆ. ಒಂದು ಮರಿಯನ್ನೂ ಹೋಗಗೊಡಲಿಲ್ಲ.

"ಆಯಿ ಭಾಳ ಚಾಲೂ ಅದಾಳ," ಎಂದಳು ಮೊಮ್ಮಗಳು. "ಸರಿ, ಈಗ ನಾ."

ಅವಳು ಟಿ.ವಿ.ಯ ಮುಂದೆ ನೆಲದ ಮೇಲೆ ಕೂತಳು. ಮಗ ಅವಳ ಪಕ್ಕ. ಕಾಣದಿದ್ದರೂ ಅವನಿಗೆ ದನಿಗಳು ಮರೆತಿರಲಿಲ್ಲ. ಕೂಗು ಕೇಳಿದ ಕೂಡಲೆ, "ಮ್ಯಾಲ ಬಲಕ್ಕ, ಹಿಡಿ," "ಮ್ಯಾಲ ಎಡಕ್ಕ," ಎಂದು ಹೇಳಿಕೊಡುತ್ತಿದ್ದ. ನನ್ನ ಮಗ ಅಷ್ಟು ಖುಷಿಯಾಗಿದ್ದನ್ನು ನೋಡಿ ಬಹಳ ದಿನಗಳಾಗಿತ್ತು.

"ಕೆಳಗ ಎಡಕ್ಕ," ಎಂದ.

"ಎಲ್ಲಿ?"

"ಕೆಳಗ ಎಡಮೂಲ್ಯಾಗ. ನೆಗಡಿ ಆದದ್ದು. ಕೂಗಾಕತ್ತೈತಿ ನೋಡು."

"ಅಲ್ಲೇನೂ ಬಂದೇ ಇಲ್ಲ ಮಾಮಾ."

ಮರಿ ಇತ್ತು. ನಾನು ಹಿಂದೆ ನಿಂತು ನೋಡುತ್ತಿದ್ದೆ. ಜೊಂಡಿನಿಂದ ತಲೆ ಹಾಕಿ, ಕೂಗಿ, ಒಳಗೆ ಹೋಯಿತು. ಮತ್ತೆ ಬಂತು, ಮತ್ತೆ ಕೂಗಿತು. ಹುಡುಗಿ ಕತ್ತು ಕೊಂಕಿಸಿದಳು. ಕೊಂಕಿಸುವಷ್ಟರಲ್ಲಿ ಹೋಗಿತ್ತು.

"ಬರೇ ಸಪ್ಪಳ ಬರತೈತಿ," ಎಂದಳು. "ಗೇಮ್ ಹಳೇದ ಆಗಿ ಕೆಟ್ಟೈತಿ."

ಮಗ ಮುಂದೆ ಹೇಳಿಕೊಡುವುದನ್ನು ನಿಲ್ಲಿಸಿದ. ಆ ಸರದಿ ಮುಗಿಯುವ ತನಕ ಕೂತಿದ್ದ. ಆಮೇಲೆ ಗೋಡೆ ಹಿಡಿದು ನನ್ನ ಹಿಂದೆಯೇ ಅಡಿಗೆ ಮನೆಗೆ ಬಂದು, ನನ್ನ ಸೀರೆಯ ಸಪ್ಪಳದ ಕಡೆ ಮುಖ ಮಾಡಿ, "ಯವ್ವಾ, ಅಕಿಗೂ ಕಾಣವಲ್ತು," ಎಂದ.

"ಹತ್ರ ಕೂತಾಳಪ್ಪ. ಟಿ.ವಿ.ಗೆ ಮೂಗ ಹಚ್ಚಿದ್ರ ಯಾರಿಗೆ ಕಾಣತೈತಿ?"

"ನಾನೂ ಹತ್ರ ಕೂಡತಿದ್ನಿ."

ಅವನ ಎದುರಿಗೆ ಹೌದೆನ್ನಲಿಲ್ಲ. ನನ್ನದೇ ರೀತಿಯಲ್ಲಿ ಹುಡುಗಿಯ ಪರೀಕ್ಷೆ ಮಾಡಿದೆ. ನನಗೆ ಗೊತ್ತಿದ್ದ ವಿದ್ಯೆ ಒಂದೇ, ಅಣಕಿಸುವುದು. ಮೊಮ್ಮಗಳು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ನಾನು ಅವಳ ಮಗ್ಗುಲಿಗೆ, ಒಂದು ಮಾರಿನಾಚೆ ಕೂತು, ನಾಲಗೆ ಹೊರಗೆ ಚಾಚಿ ಕಣ್ಣು ಮೆಳ್ಳಗೆ ಮಾಡಿದೆ. ಇಡೀ ಓಣಿಯ ಮಕ್ಕಳು ಇದಕ್ಕೆ ಬಿದ್ದು ಬಿದ್ದು ನಗುತ್ತವೆ. ಅವಳು ಶೇಂಗಾ ಸುಲಿದಳು. ನಾಲಗೆ ಹಾಗೆಯೇ ಇಟ್ಟುಕೊಂಡು ಸ್ವಲ್ಪ ಮುಂದೆ ಸರಿದೆ. ಸುಲಿದಳು. ಇನ್ನೂ ಸರಿದೆ. ಹೆಚ್ಚುಕಡಿಮೆ ಅವಳ ಮೊಣಕಾಲ ಮುಂದೆ ಬಂದಾಗ ಬೆಚ್ಚಿ ತಲೆ ಎತ್ತಿದಳು.

"ಯಾವಾಗ ಬಂದಿ? ಹೆದರಿಸಿಬಿಟ್ಟಿ. ಆಯಿ, ನಾಲಗಿ ಒಳಗ ತಗೋ, ನೊಣ ಕೂಡತೈತಿ."

ಇನ್ನೊಂದು ಮಗ್ಗುಲಿಗೆ ಹೋಗಿ ಮತ್ತೆ ಮಾಡುವ ಧೈರ್ಯ ಬರಲಿಲ್ಲ.

ಸಂಜೆ ಮಗಳಿಗೆ ಫೋನು ಮಾಡಿದೆ. ಪೂರ್ತಿ ಕೇಳಿ ಅವಳು ನಕ್ಕಳು, ಒಣ ನಗೆ. "ಯವ್ವಾ, ಆಟದಾಗ ಒಂದ ಬಾತುಕೋಳಿ ತಪ್ಪಿಸಿದ್ದಕ್ಕ ಕಣ್ಣ ಹೋದಾವಂತೇನು? ನನಗೂ ತಪ್ಪತಿದ್ವು."

"ನಿನಗ ತಪ್ಪತಿರಲಿಲ್ಲ," ಎಂದು ಮಗ ನನ್ನ ಕೈಯಿಂದ ಫೋನು ತೆಗೆದುಕೊಂಡ. "ನನಗ ತಪ್ಪತಿದ್ವು. ನೀ ನನ್ನ ಹುಂಜಾ ಅಂತಿದ್ದಿ."

"ತೋರಿಸಿ ಏನ ಮಾಡೂದು? ಔಷಧನ ಇಲ್ಲ," ಎಂದ ಮಗಳ ದನಿ ನನಗೂ ಕೇಳಿಸಿತು.

"ಅಕ್ಕಾ, ಔಷಧ ಇಲ್ಲ ಅನ್ನೂದು ನನಗ ಗೊತ್ತಿಲ್ಲೇನು? ಔಷಧಕ್ಕಲ್ಲ ತೋರಸೂದು. ನನಗ ಮೊದಲ ಯಾರರ ಹೇಳಿದ್ರ, ಇನ್ನ ಕಾಣಾಕತ್ತಿದ್ದ ಹೊತ್ತಿನ್ಯಾಗ ಎಷ್ಟೋ ನೋಡಿ ಇಟಗೋತಿದ್ನಿ. ಕಾಣೂ ಕಾಲಕ್ಕ ಬಡಿಗಿ ಹಿಡದ ನಡೀಲಾಕ ಕಲೀತಿದ್ನಿ. ಕತ್ತಲಾದ ಮ್ಯಾಲ ಕಲಿಯೂದ ಬಹಳ ತ್ರಾಸೈತಿ."

"ಅಕಿಗೆ ಏನಂತ ಹೇಳಲಿ ನಾ?" ಎಂದಳು ಮಗಳು. "ಮಾಮಾನಂಗ ಆಗತಿ ಅಂತ ಹೇಳಲೇನು?"

"ಮಾಮಾನಂಗ ಆಗೂದು ಅಷ್ಟ ಕೆಟ್ಟದ್ದೇನು?" ಎಂದ ಅವನು. ಮಗಳು ಫೋನು ಇಟ್ಟಳು.

ಎರಡು ದಿನ ಕಳೆದು ತಾನೇ ಬಂದಳು. ಅಲ್ಲಿ ಅತ್ತೆಗೆ, ಅಂದರೆ ನನ್ನ ಅತ್ತಿಗೆಗೆ, ಚಷ್ಮಾದ ಸಲುವಾಗಿ ಎಂದು ಹೇಳಿ ಬಂದಿದ್ದಳು. ಮಗ ಕಚೇರಿಗೆ ಹೋದ. ನಾವು ಮೂವರು ಹೆಣ್ಣುಮಕ್ಕಳು ಮೀರಜಿಗೆ ಹೋದೆವು.

ಅಲ್ಲಿ ಒಂದು ಯಂತ್ರವಿತ್ತು, ಬಿಳಿ ಬುಟ್ಟಿಯನ್ನು ಅಡ್ಡ ಹಿಡಿದಂತೆ. ಹುಡುಗಿಯ ಗದ್ದವನ್ನು ಅದರ ಬಾಯಿಗೆ ಇಟ್ಟು, ಒಂದು ಕಣ್ಣು ಮುಚ್ಚಿ, ಕೈಗೆ ಗುಂಡಿ ಕೊಟ್ಟರು. ನಡುವೆಯೇ ನೋಡುತ್ತಿರಬೇಕು, ಸುತ್ತ ಎಲ್ಲಿಯಾದರೂ ಬೆಳಕಿನ ಚುಕ್ಕೆ ಬಂದರೆ ಒತ್ತಬೇಕು.

"ಇದೂ ಬಾತುಕೋಳಿ ಆಟನ," ಎಂದಳು ಮೊಮ್ಮಗಳು. "ಇಲ್ಲೆ ಕೂಗಂಗಿಲ್ಲ, ಅಷ್ಟ."

ಯಂತ್ರ ನಡೆಸುವ ಹುಡುಗಿಯ ಪರದೆ ನನಗೆ ಕಾಣುವಂತಿತ್ತು. ಒತ್ತಿದ ಚುಕ್ಕೆಗಳು ಬೆಳ್ಳಗೆ, ಬಿಟ್ಟ ಚುಕ್ಕೆಗಳು ಕಪ್ಪಗೆ. ಅಂಚಿನಲ್ಲಿ ಒಂದೊಂದೇ ಕಪ್ಪು ಕೂಡುತ್ತ ಬಂತು. ಕೆಳಗೆ ಎಡಕ್ಕೆ, ಮೇಲೆ ಬಲಕ್ಕೆ. ಇನ್ನೊಂದು ಕಣ್ಣಿಗೂ ಹಾಗೆಯೇ. ನಡುವೆ ಅಂಗಳದಷ್ಟು ಬಿಳಿ ಉಳಿದಿತ್ತು, ಸುತ್ತ ಸುಟ್ಟ ರೊಟ್ಟಿಯ ಅಂಚು. ಮಗಳಿಗೆ ಅದು ಕಾಣಬಾರದೆಂದು ನಾನು ಅಡ್ಡ ನಿಂತೆ. ನಾನು ಕುಳ್ಳಿ, ಅವಳು ನನ್ನ ತಲೆಯ ಮೇಲಿಂದಲೇ ನೋಡುತ್ತಿದ್ದಳು.

ಮೊಮ್ಮಗಳು ಕಣ್ಣು ಉಜ್ಜಿಕೊಳ್ಳುತ್ತ ಯಂತ್ರ ಬಿಟ್ಟು ಎದ್ದು ಬಂದಳು.

"ಎಲ್ಲಾ ಹಿಡದೆ ಆಯಿ. ಒಂದೂ ಬಿಡಲಿಲ್ಲ."

ತನಗೆ ಕಾಣದ್ದು ಬಂದೇ ಇಲ್ಲ ಎಂದೇ ಅವಳ ಲೆಕ್ಕ. ನನ್ನ ಮಗನೂ ಹಾಗೆಯೇ ಅಳುತ್ತಿದ್ದ. ಆ ದಿನ ಅವನು ಅತ್ತಿದ್ದ, ಇವಳು ನಗುತ್ತಿದ್ದಳು. ಅವಳ ನಗು ನೋಡುವುದೇ ಹೆಚ್ಚು ಕಷ್ಟವಾಯಿತು ನನಗೆ.

ಡಾಕ್ಟರು ಅವಳನ್ನು ಹೊರಗೆ ಕೂಡಿಸಿ ನಮಗೆ ಹೇಳಿದರು. ಮಾಮನದೇ ರೋಗ. ಎಷ್ಟು ವರ್ಷಕ್ಕೆ ಎಷ್ಟು ಹೋಗುತ್ತದೆ ಎಂದು ಹೇಳಲು ಬರುವುದಿಲ್ಲ. ಓದಿಸಿ, ಸಂಜೆ ಹೊತ್ತು ಒಬ್ಬಳನ್ನೇ ರಸ್ತೆಗೆ ಬಿಡಬೇಡಿ, ಹೊಸದೇನಾದರೂ ಬಂದರೆ ತಿಳಿಸುತ್ತೇವೆ. ಮಗಳು ಎಲ್ಲದಕ್ಕೂ ಅವರದೇ ಮರಾಠಿಯಲ್ಲಿ "ಹೋಯ್", ಹೌದು, ಎಂದಳು.

ಬಸ್ಸಿನಲ್ಲಿ ಅವಳು ಕಿಟಕಿಗೆ ಕೂತಳು. ನಡುವೆ ಹುಡುಗಿ, ಈ ತುದಿಗೆ ನಾನು. ಕಾಗವಾಡದಲ್ಲಿ ಮಗ ಇದೇ ಬಸ್ಸು ಹತ್ತುವವನಿದ್ದ. ಮಗಳು ಹುಡುಗಿಯ ತಲೆಯ ಮೇಲಿಂದ ನನ್ನ ಕಡೆ ಬಗ್ಗಿ, ತುಟಿ ಅಲುಗಿದ್ದೂ ತಿಳಿಯದಂತೆ, "ಅಂವಗ ಹೇಳು, ಇಕಿ ಮುಂದ ಏನೂ ಆಡಬಾರದು. ಇನ್ನ ಸಣ್ಣಾಕಿ," ಎಂದಳು. ನಾನು ತಲೆ ಅಲುಗಿಸಿದೆ. ಮಗಳು ಮುಖವನ್ನು ಕಿಟಕಿಯ ಕಡೆ ಮಾಡಿದಳು, ಆಮೇಲೆ ತಿರುಗಿಸಲೇ ಇಲ್ಲ.

ಬಸ್ಸು ಮ್ಹೈಸಾಳ ದಾಟಿರಬೇಕು. ಮೊಮ್ಮಗಳು ತನ್ನ ಎರಡೂ ಕೈಗಳನ್ನು ಕಿವಿಯ ಹತ್ತಿರ ಹಿಡಿದು ಬೆರಳು ಆಡಿಸತೊಡಗಿದಳು. ಡಾಕ್ಟರು ಹಾಗೆ ಮಾಡಿ ನೋಡಿದ್ದರು. ಬೆರಳು ಆಡಿಸುತ್ತ ಆಡಿಸುತ್ತ ಕೈಗಳನ್ನು ಮುಂದೆ ತಂದಳು, ನಿಲ್ಲಿಸಿದಳು, ಮತ್ತೆ ಹಿಂದೆ ಒಯ್ದಳು.

"ಆಯಿ, ನೀ ಮಾಡು."

"ಬಸ್ಸಿನ್ಯಾಗ ಏನ ಹುಚ್ಚಾಟ ಇದು?"

"ನೀ ಎದರಿಗೆ ನೋಡು. ಕೈ ಎಲ್ಲಿ ತನಕ ಒಯ್ದ್ರ ನಿನಗ ಕಾಣತೈತಿ?"

ನಾನು ಕೈಗಳನ್ನು ಕೆನ್ನೆಯ ಹತ್ತಿರ ಹಿಡಿದು, "ಇಲ್ಲಿ ತನಕ," ಎಂದೆ.

"ಸುಳ್ಳ ಹೇಳಬ್ಯಾಡ. ಇನ್ನ ಅಗಲ ಮಾಡು."

ಅಗಲ ಮಾಡಿದೆ. ಸಾಲದು ಎಂದಳು. ಇನ್ನೂ ಚಾಚಿದೆ. ನನ್ನ ಬಲಗೈ ದಾರಿಯ ಆಚೆ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸಿನ ಮೂಗಿನವರೆಗೆ ಹೋಯಿತು, ಎಡಗೈ ಮಗಳ ಬೆನ್ನಿಗೆ ತಾಗಿತು. ಮಗಳು ತಿರುಗಲಿಲ್ಲ. ಆ ಹೆಂಗಸು, "ಕಾಯ್ ಝಾಲಂ ಆಜಿ, ಹಾತ ದುಖತೋಯ ಕಾ?" ಎಂದು ಕೈ ನೋವೇ ಎಂದು ಕೇಳಿದಳು. ನಾನು "ವ್ಯಾಯಾಮ" ಎಂದೆ.

ಹುಡುಗಿ ನನ್ನ ಒಂದು ಕೈ ನೋಡಿದಳು. ಕತ್ತು ತಿರುಗಿಸಿ ಇನ್ನೊಂದು ನೋಡಿದಳು.

"ಎರಡೂ ಒಮ್ಮಿಗೇ ಕಾಣತಾವೇನು?"

"ಕಾಣತಾವು."

"ಖರೇನ?"

"ಖರೇನ."

ಅವಳು ತನ್ನ ಕೈಗಳನ್ನು ಮಡಿಲಿಗೆ ಇಳಿಸಿದಳು. "ಎಲ್ಲಾರಿಗೂ ಹಂಗ ಕಾಣತೈತಿ ಅಂತ ನನಗ ಗೊತ್ತ ಇರಲಿಲ್ಲ," ಎಂದಳು. ಆಮೇಲೆ ಕೇಳಿದಳು: "ಮಾಮಾ ನನ್ನಷ್ಟ ಇದ್ದಾಗ ಅಂವಗ ಎಷ್ಟ ಕಾಣತಿತ್ತು?"

ಸುಳ್ಳು ಹೇಳುವುದರಲ್ಲಿ ನಾನು ಹೆಸರು ಮಾಡಿದವಳು, ಇಲ್ಲದ ಬೆಕ್ಕನ್ನು ವರ್ಷಗಟ್ಟಲೆ ಸಾಕಿದವಳು. ಆ ಹೊತ್ತಿಗೆ ಒಂದೂ ಬಾಯಿಗೆ ಬರಲಿಲ್ಲ.

"ನಿನ್ನಷ್ಟ," ಎಂದೆ.

ಮಗಳ ಬೆನ್ನು ಒಮ್ಮೆ ನಡುಗಿದ್ದು ನನ್ನ ಎಡಗೈಗೆ ತಿಳಿಯಿತು. ಕೈ ಇನ್ನೂ ಅಲ್ಲೇ ಇತ್ತು, ಇಳಿಸಲು ಮರೆತಿದ್ದೆ.

ಕಾಗವಾಡದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತು. ಮಗ ಬಡಿಗೆ ಹಿಡಿದು, ಯಾರದೋ ತೋಳು ಮುಟ್ಟಿಕೊಂಡು ಬಾಗಿಲ ಹತ್ತಿರ ನಿಂತಿದ್ದ, ಮುಖ ಮೇಲೆತ್ತಿ. ನಾನು ಏಳಲು ಹೋದೆ. ಮೊಮ್ಮಗಳು ನನ್ನ ಮೊಣಕಾಲ ಮೇಲೆ ಕೈ ಇಟ್ಟು ಕೂಡಿಸಿದಳು.

"ನಾ ಹೋಗತೀನಿ. ನಾನ ಹೇಳತೀನಿ ಅಂವಗ. ನೀವ ಇಬ್ಬರೂ ಏನೂ ಹೇಳಬ್ಯಾಡ್ರಿ."

ಕಂಬಿ ಹಿಡಿದು ಬಾಗಿಲ ಕಡೆ ನಡೆದಳು. ಆ ಹೆಂಗಸಿನ ಬುಟ್ಟಿ ದಾರಿಯ ಬದಿಗೆ ಅರ್ಧ ಚಾಚಿತ್ತು. ಹುಡುಗಿಯ ಕಾಲು ಅದಕ್ಕೆ ತಾಗಿತು. ಬಗ್ಗಿ ನೋಡಲಿಲ್ಲ. ನಿಂತು, ಪಾದದಿಂದ ಅದರ ಅಂಚನ್ನು ಮುಟ್ಟಿ ಮುಟ್ಟಿ ಅದು ಎಲ್ಲಿ ಮುಗಿಯುತ್ತದೆ ಎಂದು ತಿಳಿದುಕೊಂಡು, ಸುತ್ತು ಹಾಕಿ ಮುಂದೆ ಹೋದಳು.